ಜಪಾನಿನ ಪಾಳು ಗಣಿಗಳು: ಅದಿರು ಮುಗಿಯಿತು ಅಂತಲೇ ಬಿಟ್ಟು ಹೋದರಾ?

ಪ್ರಶ್ನೆ: ಕೆಲಸದ ಮೇಲೆ ಒಂದು ವರ್ಷಕ್ಕೆ ಜಪಾನಿಗೆ ಬಂದಿದ್ದೇನೆ. ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಹಶಿಮಾ ಎಂಬ ಪಾಳು ದ್ವೀಪದ ವಿಡಿಯೋ ನೋಡಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಅಷ್ಟು ದೊಡ್ಡ ಊರನ್ನು ಜನ ಹಾಗೇ ಬಿಟ್ಟು ಹೋಗಿದ್ದು ಯಾಕೆ? ಅದಿರು ಪೂರ್ತಿ ಮುಗಿದೇ ಹೋಯಿತಾ? ಇಂಥ ಜಾಗಗಳು ಇನ್ನೂ ಇವೆಯಾ? ಒಳಗೆ ಬಿಡುತ್ತಾರಾ?

ಉತ್ತರ: ಕೆಜಿಎಫ್‌ನವರು ಅಂದಿರಿ, ಹಾಗಾಗಿ ಅರ್ಧ ಉತ್ತರ ನಿಮಗೇ ಗೊತ್ತಿದೆ. 2001ರ ಫೆಬ್ರವರಿ 28ಕ್ಕೆ ನಿಮ್ಮೂರ ಗಣಿ ನಿಂತಾಗ ಕೆಳಗೆ ಚಿನ್ನವೇ ಇರಲಿಲ್ಲವಾ? ಇತ್ತು. ಅದನ್ನು ಮೇಲೆ ತರುವ ಖರ್ಚು ಚಿನ್ನದ ಬೆಲೆಯನ್ನು ಮೀರಿಸಿತ್ತು, ಅಷ್ಟೇ. ಜಪಾನಿನ ಗಣಿಗಳಲ್ಲೂ ಹೆಚ್ಚಿನವುಗಳ ಕಥೆ ಇದೇ. ಅದಿರು ಮುಗಿಯುವ ಮೊದಲೇ ಲೆಕ್ಕ ಮುಗಿದಿತ್ತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಣಿ ಎಂಜಿನಿಯರ್ ಆಗಿ ಬದುಕು ಸವೆಸಿದವನು ನಾನು. ಪಾಳು ಕಟ್ಟಡಗಳ ಫೋಟೋ ನೋಡಿದರೆ ನನಗೆ ನಿಮ್ಮಷ್ಟು ಪುಳಕ ಆಗುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ನೀರಿನ ಕಡೆಗೆ. ಗಣಿ ಮುಚ್ಚಿದ ಮೇಲೆ ಆ ನೀರು ಎಲ್ಲಿಂದ ಹೊರಗೆ ಬರುತ್ತಿದೆ, ಅದರ ಬಣ್ಣ ಏನು, ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಹಾಗಾಗಿ ಈ ಉತ್ತರ ಆ ಕಡೆ ಸ್ವಲ್ಪ ಜಾಸ್ತಿ ವಾಲಿದರೆ ಬೇಸರ ಮಾಡಿಕೊಳ್ಳಬೇಡಿ.

ಹಶಿಮಾದಿಂದಲೇ ಶುರು ಮಾಡೋಣ. ನಾಗಾಸಾಕಿ ಕರಾವಳಿಯ ಆಚೆಗಿರುವ ಪುಟ್ಟ ದ್ವೀಪ. ದೂರದಿಂದ ಯುದ್ಧನೌಕೆಯಂತೆ ಕಾಣುತ್ತದೆ, ಹಾಗಾಗಿ ಗುಂಕಾನ್‌ಜಿಮಾ ಎಂದೂ ಕರೆಯುತ್ತಾರೆ. ಗುಂಕಾನ್ ಎಂದರೆ ಯುದ್ಧನೌಕೆ. 1890ರಲ್ಲಿ ಮಿತ್ಸುಬಿಶಿ ಕಂಪನಿ ಇದನ್ನು ಕೊಂಡಿತು. ಕಲ್ಲಿದ್ದಲು ಇದ್ದದ್ದು ದ್ವೀಪದ ಮೇಲಲ್ಲ, ಸುತ್ತಲಿನ ಸಮುದ್ರದ ತಳದ ಕೆಳಗೆ. ದ್ವೀಪ ಅಂದರೆ ಬರೀ ಬಾಗಿಲು. ಅಗೆದ ಕಲ್ಲುಮಣ್ಣನ್ನು ಸುತ್ತ ಸುರಿದು ಸುರಿದು, ಗೋಡೆ ಕಟ್ಟಿ ದ್ವೀಪವನ್ನೇ ದೊಡ್ಡದು ಮಾಡಿದರು. ಆದರೂ ಅದು 6.3 ಹೆಕ್ಟೇರ್, ಅಂದರೆ ಸುಮಾರು 16 ಎಕರೆ. ನಮ್ಮ ಕಡೆ ಸ್ವಲ್ಪ ಅನುಕೂಲಸ್ಥ ರೈತನ ಜಮೀನು ಅಷ್ಟಿರುತ್ತದೆ. 1960ರ ಸುಮಾರಿಗೆ ಅದರ ಮೇಲೆ 5,200ಕ್ಕೂ ಹೆಚ್ಚು ಜನ ಇದ್ದರು. ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ, ದೇವಸ್ಥಾನ, ಸ್ನಾನದ ಮನೆ ಎಲ್ಲ ಅಷ್ಟರಲ್ಲೇ. ಜಾಗ ಇಲ್ಲದ್ದಕ್ಕೆ ಮೇಲಕ್ಕೆ ಕಟ್ಟಿದರು. 1916ರಲ್ಲಿ ಅಲ್ಲಿ ಎದ್ದ 30ನೇ ನಂಬರಿನ ಕಟ್ಟಡ ಜಪಾನಿನಲ್ಲೇ ಮೊದಲ ಕಾಂಕ್ರೀಟ್ ಅಪಾರ್ಟ್‌ಮೆಂಟ್. ಗಿಡ ನೆಡಲು ಮಣ್ಣೇ ಇಲ್ಲದ ಊರು ಅದು. ಹೊರಗಿನಿಂದ ಮಣ್ಣು ತರಿಸಿ ತಾರಸಿಯ ಮೇಲೆ ತರಕಾರಿ ಬೆಳೆದರು. ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು. ಸಮುದ್ರದ ತಳದಲ್ಲಿ ಪೈಪು ಹಾಕಿ ನೀರು ತಂದದ್ದು 1957ರಲ್ಲಿ.

ಮುಚ್ಚಿದ್ದು 1974ರ ಜನವರಿಯಲ್ಲಿ. ಏಪ್ರಿಲ್ 20ಕ್ಕೆ ಕೊನೆಯ ದೋಣಿ. ಮೂರೇ ತಿಂಗಳಲ್ಲಿ ಇಡೀ ಊರು ಖಾಲಿ. ವಿಡಿಯೋಗಳಲ್ಲಿ ಟಿವಿ, ಆಟಿಕೆ, ಬೂಟು ಬಿದ್ದಿರುವುದನ್ನು ತೋರಿಸಿ ಏನೋ ದುರಂತ ನಡೆದು ಓಡಿಹೋದರು ಎಂಬಂತೆ ಸಂಗೀತ ಹಾಕುತ್ತಾರೆ. ಅಂಥದ್ದೇನೂ ಇಲ್ಲ. ಮನೆಯೂ ಕಂಪನಿಯದು, ಕೆಲಸವೂ ಕಂಪನಿಯದು. ಕೆಲಸ ಹೋದ ಮೇಲೆ ಆ ಬಂಡೆಯ ಮೇಲೆ ಕೂತು ಮಾಡುವುದೇನು? ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು, ದೋಣಿಗೆ ಹಿಡಿಯುವಷ್ಟು ಸಾಮಾನು ಕಟ್ಟಿಕೊಂಡು ಹೋದರು. ಕ್ವಾರ್ಟರ್ಸ್‌ನಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದುರಂತ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಮುಚ್ಚಿದ ದಿನದ್ದಲ್ಲ, ಅದಕ್ಕೂ ಹಿಂದಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾದಿಂದ, ಚೀನಾದಿಂದ ಜನರನ್ನು ಬಲವಂತವಾಗಿ ತಂದು ಇಂಥ ಗಣಿಗಳಲ್ಲಿ ದುಡಿಸಿದರು. ಹಶಿಮಾದ ಸುರಂಗದ ಒಳಗೆ ಬಿಸಿ 30 ಡಿಗ್ರಿ, ತೇವಾಂಶ ನೂರಕ್ಕೆ 95. ಬೆವರು ಆರುವುದೇ ಇಲ್ಲ. 2015ರಲ್ಲಿ ಯುನೆಸ್ಕೋ ಈ ದ್ವೀಪವನ್ನೂ ಸೇರಿಸಿ ಮೇಜಿ ಎಂಬ ಚಕ್ರವರ್ತಿಯ ಕಾಲದ ಕೈಗಾರಿಕಾ ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಹಾಕಿದಾಗ ದಕ್ಷಿಣ ಕೊರಿಯಾ ಬಲವಾಗಿ ವಿರೋಧಿಸಿತು. ಇಷ್ಟವಿಲ್ಲದೆ ಕರೆತಂದು ಕಷ್ಟದ ಸ್ಥಿತಿಯಲ್ಲಿ ದುಡಿಸಿದ್ದನ್ನು ತಿಳಿಸಿಕೊಡುತ್ತೇವೆ ಎಂದು ಜಪಾನ್ ಆಗ ಒಪ್ಪಿತು. ಕೊಟ್ಟ ಮಾತನ್ನು ಸರಿಯಾಗಿ ನಡೆಸಿಕೊಡಲಿಲ್ಲ ಎಂದು ಯುನೆಸ್ಕೋದ ಸಮಿತಿಯೇ 2021ರಲ್ಲಿ ಬಲವಾಗಿ ವಿಷಾದ ಹೇಳಿತು. ನೀವು ಹೋದಾಗ ಗೈಡ್ ಇದನ್ನೆಲ್ಲ ಹೇಳಲಿಕ್ಕಿಲ್ಲ. ತಿಳಿದುಕೊಂಡೇ ಹೋಗಿ.

2009ರಿಂದ ದ್ವೀಪಕ್ಕೆ ಇಳಿಯಲು ಬಿಡುತ್ತಿದ್ದಾರೆ. ಇಳಿದ ಮೇಲೆ ದಕ್ಷಿಣದ ಅಂಚಿನಲ್ಲಿ ಕಟ್ಟಿರುವ ಚಿಕ್ಕ ದಾರಿಯಲ್ಲಿ ಮಾತ್ರ ನಡೆಯಬಹುದು. ಅಪಾರ್ಟ್‌ಮೆಂಟ್‌ಗಳ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. 30ನೇ ಕಟ್ಟಡದ ಒಂದು ಭಾಗ 2020ರಲ್ಲಿ ಮಳೆಗೆ ಕುಸಿದೇ ಹೋಯಿತು. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅಲೆ ಜೋರಿದ್ದರೆ ದೋಣಿ ದಡಕ್ಕೆ ತಾಗುವುದೇ ಇಲ್ಲ, ಸುತ್ತು ಹಾಕಿಸಿ ವಾಪಸ್ ಕರೆತರುತ್ತಾರೆ. ನನಗೆ ಹಾಗೇ ಆಯಿತು. ರೈಲಿಂಗ್ ಹಿಡಿದುಕೊಂಡು ವಾಂತಿ ತಡೆದುಕೊಳ್ಳುತ್ತಾ ದೂರದಿಂದ ನೋಡಿದ್ದೇ ಬಂತು.

ಈಗ ಯಾಕೆ ಎಂಬ ಪ್ರಶ್ನೆಗೆ ಬರೋಣ. ಕಲ್ಲಿದ್ದಲಿನ ಮಟ್ಟಿಗೆ ಉತ್ತರ ಒಂದೇ ಪದ: ಎಣ್ಣೆ. 1961ರಲ್ಲಿ ಜಪಾನ್ ಸುಮಾರು 5.5 ಕೋಟಿ ಟನ್ ಕಲ್ಲಿದ್ದಲು ತೆಗೆಯುತ್ತಿತ್ತು, 600ರಷ್ಟು ಗಣಿಗಳಿದ್ದವು. 1962ರಲ್ಲಿ ಕಚ್ಚಾ ತೈಲದ ಆಮದಿನ ಮೇಲಿದ್ದ ಹಿಡಿತ ಬಿಟ್ಟರು. ಮಧ್ಯಪ್ರಾಚ್ಯದ ಎಣ್ಣೆ ಹಡಗಿನಲ್ಲಿ ಬಂದು ಇಳಿಯುವ ಬೆಲೆಗೆ ಸಾವಿರ ಅಡಿ ಕೆಳಗಿಂದ ಕಲ್ಲಿದ್ದಲು ಕೆತ್ತಿ ತರಲು ಆಗುತ್ತದಾ? ಆಗುವುದಿಲ್ಲ. ಮೇಲೆ ಆಸ್ಟ್ರೇಲಿಯಾದ ಕಲ್ಲಿದ್ದಲು ಬೇರೆ, ಅದನ್ನು ನೆಲದ ಮೇಲೇ ಬಾಚಿಕೊಳ್ಳಬಹುದು. ಸರ್ಕಾರವೇ ಯೋಜನೆ ಹಾಕಿಕೊಂಡು, ಪರಿಹಾರ ಕೊಟ್ಟು, ಒಂದೊಂದಾಗಿ ಮುಚ್ಚಿಸಿತು. ಲೋಹದ ಗಣಿಗಳ ಸರದಿ 1970ರ ದಶಕದಲ್ಲಿ ಬಂತು. ಯೆನ್ ಬೆಲೆ ಏರಿದ್ದಕ್ಕೆ ಹೊರಗಿನ ತಾಮ್ರ ಇನ್ನೂ ಅಗ್ಗವಾಯಿತು. ಅಶಿಯೊ, ಬೆಶ್ಶಿ, ಇಕುನೊ ಮೂರೂ ಹಳೇ ದೊಡ್ಡ ಗಣಿಗಳು, ಮೂರೂ ಒಂದೇ ವರ್ಷ, 1973ರಲ್ಲಿ, ಬಾಗಿಲು ಹಾಕಿದವು.

ಹೊಕ್ಕೈಡೊದ ಯೂಬರಿ ಊರನ್ನು ನೋಡಿದರೆ ಇದರ ಪರಿಣಾಮ ಗೊತ್ತಾಗುತ್ತದೆ. 1960ರಲ್ಲಿ ಅಲ್ಲಿ 1.16 ಲಕ್ಷ ಜನ. 1981ರ ಅಕ್ಟೋಬರ್‌ನಲ್ಲಿ ಹೊಸ ಗಣಿಯೊಂದರಲ್ಲಿ ಅನಿಲ ನುಗ್ಗಿ 93 ಜನ ಸತ್ತರು. 1990ಕ್ಕೆ ಕೊನೆಯ ಗಣಿಯೂ ನಿಂತಿತು. ಕಲ್ಲಿದ್ದಲು ಹೋದರೆ ಪ್ರವಾಸಿಗರು ಬರಲಿ ಎಂದು ಊರಿನವರು ಸಾಲ ಮಾಡಿ ಪಾರ್ಕು ಕಟ್ಟಿದರು, ಜನ ಬರಲಿಲ್ಲ, 2007ರಲ್ಲಿ ನಗರಾಡಳಿತವೇ ದಿವಾಳಿ. ಈಗ 7,000 ಜನವೂ ಇಲ್ಲ. ಯೂಬರಿ ಎಂದರೆ ಜಪಾನಿಗಳಿಗೆ ಇವತ್ತು ನೆನಪಾಗುವುದು ಕರಬೂಜ ಹಣ್ಣು.

ನಿಮಗೆ ಸಮಯ ಕಡಿಮೆ ಇದ್ದು ಒಂದೇ ಜಾಗ ನೋಡಬೇಕು ಅಂದರೆ ನಾನು ಹಶಿಮಾ ಹೇಳುವುದಿಲ್ಲ. ಇವಾತೆ ಪ್ರಾಂತ್ಯದ ಮತ್ಸುಒ ಹೇಳುತ್ತೇನೆ.

ಮತ್ಸುಒ ಗಂಧಕದ ಗಣಿ. ಹಚಿಮಂತಾಯ್ ಬೆಟ್ಟದ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿ. 1914ರಲ್ಲಿ ಕಂಪನಿ ಶುರುವಾಯಿತು. ಪೂರ್ವ ದೇಶಗಳಲ್ಲೇ ದೊಡ್ಡ ಗಂಧಕದ ಗಣಿ ಎಂದು ಹೆಸರು ಮಾಡಿತು. ರಸಗೊಬ್ಬರಕ್ಕೆ, ರೇಯಾನ್ ನೂಲಿಗೆ, ಕಾಗದಕ್ಕೆ, ಎಲ್ಲದಕ್ಕೂ ಗಂಧಕ ಬೇಕಿದ್ದ ಕಾಲ. ಕಲ್ಲಿದ್ದಲನ್ನು ಕಪ್ಪು ವಜ್ರ ಅನ್ನುವ ಹಾಗೆ ಗಂಧಕವನ್ನು ಹಳದಿ ವಜ್ರ ಅನ್ನುತ್ತಿದ್ದರು. ಆದರೆ ಅಂಥ ಬೆಟ್ಟದ ಮೇಲೆ, ಚಳಿಗಾಲವೆಲ್ಲ ಹಿಮದಲ್ಲಿ ಹೂತುಹೋಗುವ ಜಾಗಕ್ಕೆ, ಕೆಲಸಕ್ಕೆ ಯಾರು ಬರುತ್ತಾರೆ? ಬರಲಿ ಎಂದೇ ಕಂಪನಿ ಒಳ್ಳೆಯ ಮನೆ ಕಟ್ಟಿತು. 1951ರಿಂದ ಈಚೆಗೆ ನಾಲ್ಕು ಮಹಡಿಯ 11 ಅಪಾರ್ಟ್‌ಮೆಂಟ್‌ಗಳು ಎದ್ದವು. ಒಳಗೆ ಮನೆ ಬೆಚ್ಚಗಿಡುವ ವ್ಯವಸ್ಥೆ, ಫ್ಲಶ್ ಇರುವ ಶೌಚಾಲಯ. ಆಗ ಟೋಕಿಯೊದಲ್ಲೇ ಎಷ್ಟೋ ಮನೆಗಳಲ್ಲಿ ಇವೆರಡೂ ಇರಲಿಲ್ಲ ಎಂಬುದನ್ನು ನೆನಪಿಡಿ. ಶಾಲೆ, ಆಸ್ಪತ್ರೆ, ನಾಟಕ ಸಿನಿಮಾಕ್ಕೆ ದೊಡ್ಡ ಸಭಾಂಗಣ. ಕೆಳಗಿನ ಊರಿನವರು ಇದನ್ನು ಮೋಡದ ಮೇಲಿನ ಸ್ವರ್ಗ ಎಂದು ಕರೆದರು. ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು.

ಆ ಸ್ವರ್ಗವನ್ನು ಮುಳುಗಿಸಿದ್ದು ಏನು ಗೊತ್ತಾ? ಶುದ್ಧ ಗಾಳಿ. ತಮಾಷೆ ಮಾಡುತ್ತಿಲ್ಲ. ಕಚ್ಚಾ ಎಣ್ಣೆಯಲ್ಲಿ ಗಂಧಕ ಇರುತ್ತದೆ. ಸುಟ್ಟರೆ ಅದು ಹೊಗೆಯಾಗಿ ಜನರ ಎದೆಗೆ ಇಳಿಯುತ್ತದೆ. ಯೊಕ್ಕಾಯಿಚಿ ಎಂಬ ಪೆಟ್ರೋಕೆಮಿಕಲ್ ನಗರದಲ್ಲಿ 1960ರ ದಶಕದಲ್ಲಿ ಜನ ಅಸ್ತಮಾದಿಂದ ಒದ್ದಾಡಿದರು, ಕೋರ್ಟಿಗೆ ಹೋದರು, ದೇಶವೆಲ್ಲ ಗಲಾಟೆಯಾಯಿತು. ಸರ್ಕಾರ ನಿಯಮ ಬಿಗಿ ಮಾಡಿತು. ರಿಫೈನರಿಗಳು ಎಣ್ಣೆಯಿಂದ ಗಂಧಕವನ್ನು ಮೊದಲೇ ಬೇರ್ಪಡಿಸತೊಡಗಿದವು. ಹಾಗೆ ಬೇರ್ಪಟ್ಟ ಗಂಧಕವನ್ನು ಎಲ್ಲಾದರೂ ಸಾಗಹಾಕಬೇಕಲ್ಲ, ಬಂದಷ್ಟಕ್ಕೆ ಮಾರಿದರು. ಒಂದು ಕಡೆ ಬೆಟ್ಟ ಕೊರೆದು ತೆಗೆದ ಗಂಧಕ, ಇನ್ನೊಂದು ಕಡೆ ಕಸದಂತೆ ಸಿಗುವ ಗಂಧಕ. ಯಾರು ಉಳಿಯುತ್ತಾರೆ ಹೇಳಿ. 1969ರಲ್ಲಿ ಎಲ್ಲರನ್ನೂ ಕೆಲಸದಿಂದ ತೆಗೆದರು, ಒಂದೆರಡು ವರ್ಷ ಎಳೆದಾಡಿ ಗಣಿ ಪೂರ್ತಿ ಮುಚ್ಚಿತು. ಮತ್ಸುಒ ಒಂದೇ ಅಲ್ಲ, ಜಪಾನಿನ ಗಂಧಕದ ಗಣಿಗಾರಿಕೆಯೇ ಹೆಚ್ಚು ಕಮ್ಮಿ ಒಟ್ಟಿಗೆ ಕಣ್ಣು ಮುಚ್ಚಿತು.

ಮರದ ಮನೆಗಳು ಈಗಿಲ್ಲ. ಕಾಂಕ್ರೀಟಿನ ಅಪಾರ್ಟ್‌ಮೆಂಟ್‌ಗಳು ಮಾತ್ರ ನಿಂತಿವೆ. ನಾನು ಹೋದದ್ದು ಅಕ್ಟೋಬರ್ ಕೊನೆಯಲ್ಲಿ. ರಸ್ತೆ ಪಕ್ಕ ಕಾರು ನಿಲ್ಲಿಸಿದಾಗ ಏನೂ ಕಾಣಲಿಲ್ಲ, ಬರೀ ಮಂಜು. ನಮ್ಮ ಆಗುಂಬೆಯಲ್ಲಿ ಮಳೆಗಾಲದಲ್ಲಿ ಕವಿಯುತ್ತದಲ್ಲ, ಹಾಗೆ. ಹತ್ತು ನಿಮಿಷ ಕಾದೆ. ಮಂಜು ಸ್ವಲ್ಪ ಸರಿಯಿತು, ಒಂದು ಕಟ್ಟಡದ ಮೂಲೆ ಕಂಡಿತು, ಆಮೇಲೆ ಸಾಲಾಗಿ ಕಿಟಕಿಗಳು, ಒಂದಕ್ಕೂ ಗಾಜಿಲ್ಲ, ಚೌಕಟ್ಟೂ ಇಲ್ಲ. ಎರಡನೇ ಮಹಡಿಯ ಕಿಟಕಿಯೊಂದರ ಒಳಗಿನಿಂದ ಒಂದು ಬರ್ಚ್ ಮರ ಹೊರಗೆ ಕೈ ಚಾಚಿತ್ತು. ನಾಲ್ಕೈದು ಎಲೆ ಇನ್ನೂ ಹಳದಿಯಾಗಿ ಅಂಟಿಕೊಂಡಿದ್ದವು. ಅಷ್ಟರಲ್ಲಿ ಮತ್ತೆ ಮಂಜು ಕವಿದು ಎಲ್ಲ ಅಳಿಸಿಹೋಯಿತು. ಆ ಒಂದು ಕ್ಷಣಕ್ಕೆ ಎಂಜಿನಿಯರ್ ಬುದ್ಧಿ ಬಿಟ್ಟು ನಾನೂ ಬಾಯಿ ತೆರೆದು ನಿಂತಿದ್ದೆ, ಸುಳ್ಳು ಹೇಳುವುದಿಲ್ಲ.

ಆಮೇಲೆ ನೀರು ನೋಡಲು ಹೋದೆ. ಬೆಟ್ಟದೊಳಗೆ ಅಗೆದು ಬಿಟ್ಟ ಸುರಂಗಗಳಲ್ಲಿ ಮಳೆನೀರು, ಹಿಮದ ನೀರು ಇಳಿಯುತ್ತದೆ. ಗಂಧಕ, ಕಬ್ಬಿಣ ಇರುವ ಕಲ್ಲಿಗೆ ಗಾಳಿ ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಗಣಿ ನಡೆಯುತ್ತಿದ್ದಾಗಲೂ ಹುಟ್ಟುತ್ತಿತ್ತು, ನಿಂತ ಮೇಲೂ ಹುಟ್ಟುತ್ತಿದೆ. ಅದಕ್ಕೆ ಕಂಪನಿ ದಿವಾಳಿಯಾದದ್ದು ಗೊತ್ತಿಲ್ಲವಲ್ಲ! ಹೊರಬರುವ ನೀರಿನ ಪಿಎಚ್ ಸುಮಾರು 2, ಅಂದರೆ ನಿಂಬೆರಸದಷ್ಟು ಹುಳಿ. ಜೊತೆಗೆ ಆರ್ಸೆನಿಕ್ ಎಂಬ ವಿಷ. ನಿಮಿಷಕ್ಕೆ 17, 18 ಟನ್. ಈ ನೀರು ಕಿತಕಾಮಿ ನದಿಗೆ ಸೇರಿ, ನದಿ ಕೆಂಪಗೆ ಹರಿದು ಮೀನು ಸತ್ತ ಕಾಲ ಇತ್ತು. ಕಂಪನಿ ಇಲ್ಲ, ಇನ್ನು ಕೇಳುವುದು ಯಾರನ್ನು? ಕೊನೆಗೆ ಸರ್ಕಾರದ ದುಡ್ಡಿನಲ್ಲಿ ಅಲ್ಲೊಂದು ಶುದ್ಧೀಕರಣ ಘಟಕ ಕಟ್ಟಿದರು. 1982ರಿಂದ ಅದು ಹಗಲು ರಾತ್ರಿ ನಡೆಯುತ್ತಿದೆ. ಮೊದಲು ಕಬ್ಬಿಣ ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಟ್ಟು ನೀರಿನಲ್ಲಿ ಕರಗಿರುವ ಕಬ್ಬಿಣದ ರೂಪ ಬದಲಿಸುತ್ತಾರೆ, ಆಮೇಲೆ ಸುಣ್ಣಕಲ್ಲಿನ ಪುಡಿ ಬೆರೆಸಿದರೆ ಕಬ್ಬಿಣ, ಆರ್ಸೆನಿಕ್ ಎರಡೂ ಕೆಸರಾಗಿ ಕೆಳಗೆ ಕೂರುತ್ತವೆ. ವರ್ಷಕ್ಕೆ ಸುಮಾರು 50 ಕೋಟಿ ಯೆನ್ ಖರ್ಚು. ಇದಕ್ಕೆ ಮುಗಿಯುವ ದಿನಾಂಕ ಇಲ್ಲ. ಗಣಿ ಬದುಕಿದ್ದು 55 ವರ್ಷ. ಅದರ ನೀರು ತೊಳೆಯುವ ಕೆಲಸಕ್ಕೇ ಈಗ 40 ವರ್ಷ ದಾಟಿತು.

ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳ, ಧೂಳು ಗಾಳಿಗೆ ಎದ್ದು ಮನೆಯೊಳಗೆ ಬರುವುದನ್ನು ನೋಡಿ ಬೆಳೆದವರಿಗೆ ಇದು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಟೋಕಿಯೊ ಕಡೆ ಇದ್ದರೆ ಒಂದೇ ದಿನದಲ್ಲಿ ಹೋಗಿ ಬರಬಹುದಾದದ್ದು ಅಶಿಯೊ ತಾಮ್ರದ ಗಣಿ, ತೊಚಿಗಿ ಪ್ರಾಂತ್ಯದಲ್ಲಿ. ಕಿರ್ಯೂದಿಂದ ವತರಾಸೆ ನದಿಯ ಪಕ್ಕದಲ್ಲೇ ಪುಟ್ಟ ರೈಲು ಹೋಗುತ್ತದೆ, ಸುಂದರ ದಾರಿ. ತ್ಸೂದೊ ಸ್ಟೇಷನ್‌ನಲ್ಲಿ ಇಳಿದರೆ ಗಣಿ ಹತ್ತಿರವೇ. ಟ್ರಾಲಿ ರೈಲಿನಲ್ಲಿ ಕೂರಿಸಿ ಸುರಂಗದೊಳಗೆ ಸ್ವಲ್ಪ ದೂರ ಕರೆದೊಯ್ಯುತ್ತಾರೆ, ಮಕ್ಕಳ ಆಟದ ಹಾಗೆ. ಒಳಗೆ ಬೊಂಬೆ ಕೂಲಿಗಳು ಕಲ್ಲು ಒಡೆಯುತ್ತಿರುತ್ತವೆ. ನಗು ಬರುತ್ತದೆ. ಆದರೆ ಒಂದು ಬೋರ್ಡು ಓದಿ: ಈ ಬೆಟ್ಟದೊಳಗಿನ ಸುರಂಗಗಳನ್ನೆಲ್ಲ ಸೇರಿಸಿದರೆ 1,234 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಹೋಗಿ ಇನ್ನೂ ಸ್ವಲ್ಪ ಮುಂದೆ.

1877ರಲ್ಲಿ ಫುರುಕಾವಾ ಇಚಿಬೆಯಿ ಎಂಬ ಉದ್ಯಮಿ ಇದನ್ನು ಕೊಂಡಾಗ ಇದು ಸೊರಗಿದ ಗಣಿ. ಕೆಲವೇ ವರ್ಷಗಳಲ್ಲಿ ಭಾರಿ ತಾಮ್ರದ ಪದರ ಸಿಕ್ಕಿತು, ಒಂದು ಹಂತದಲ್ಲಿ ದೇಶದ ತಾಮ್ರದಲ್ಲಿ ದೊಡ್ಡ ಪಾಲು ಇಲ್ಲಿಂದಲೇ. ಕುಲುಮೆಯ ಹೊಗೆಗೆ ಸುತ್ತಲಿನ ಬೆಟ್ಟಗಳ ಮರ ಸತ್ತವು. ಸೌದೆಗೆ, ಸುರಂಗದ ಕಂಬಗಳಿಗೆ ಎಂದು ಉಳಿದವನ್ನೂ ಕಡಿದರು. ಮರ ಇಲ್ಲದ ಬೆಟ್ಟ ಮಳೆಗೆ ಮಣ್ಣು ಬಿಟ್ಟಿತು, ಪ್ರವಾಹ ಬಂತು, ಆ ಪ್ರವಾಹ ಗಣಿಯ ವಿಷವನ್ನು ಹೊತ್ತುಕೊಂಡು ಕೆಳಗಿನ ಗದ್ದೆಗಳ ಮೇಲೆ ಹರಡಿತು. 1880ರ ದಶಕದಲ್ಲೇ ವತರಾಸೆ ನದಿಯ ಮೀನು ತೇಲತೊಡಗಿದ್ದವು.

ಇಲ್ಲಿ ತನಕಾ ಶೋಜೊ ಹೆಸರು ಹೇಳಲೇಬೇಕು. ಆ ಕಡೆಯ ಸಂಸದ. 1891ರಲ್ಲಿ ಸಂಸತ್ತಿನಲ್ಲಿ ಮಾತೆತ್ತಿದರು. ಹತ್ತು ವರ್ಷ ಕೂಗಿದರು. ಪ್ರಯೋಜನ ಆಗಲಿಲ್ಲ. 1901ರಲ್ಲಿ ಸಂಸದ ಸ್ಥಾನ ಬಿಟ್ಟು, ಡಿಸೆಂಬರ್ 10ರಂದು ಮನವಿ ಪತ್ರ ಹಿಡಿದು ಚಕ್ರವರ್ತಿಯ ಸಾರೋಟಿನ ಕಡೆಗೇ ಓಡಿದರು. ಪೊಲೀಸರು ಹಿಡಿದರು, ತಲೆಕೆಟ್ಟವನು ಎಂದು ಬಿಟ್ಟರು. ಶಿಕ್ಷೆ ಕೊಟ್ಟರೆ ದೊಡ್ಡ ಸುದ್ದಿಯಾಗುತ್ತದಲ್ಲ! ಸರ್ಕಾರ ಕೊನೆಗೆ ಕಂಡುಕೊಂಡ ಪರಿಹಾರ ಏನು? ವಿಷದ ನೀರು ತಂಗಲು ಒಂದು ಜಾಗ ಬೇಕು ಎಂದು ಕೆಳಗಿದ್ದ ಯನಕಾ ಎಂಬ ಊರನ್ನೇ 1906ರಲ್ಲಿ ಅಳಿಸಿಹಾಕಿತು. ಮರುವರ್ಷ, ಹೋಗುವುದಿಲ್ಲ ಎಂದು ಕೂತ 16 ಮನೆಗಳನ್ನು ಕೆಡವಿತು. ತನಕಾ ಆ ಮನೆಗಳವರ ಜೊತೆಯಲ್ಲೇ ಉಳಿದರು. 1913ರಲ್ಲಿ ಸತ್ತಾಗ ಅವರ ಹತ್ತಿರ ಇದ್ದದ್ದು ಒಂದು ಜೋಳಿಗೆ. ಅದರೊಳಗೆ ಬೈಬಲಿನ ಹೊಸ ಒಡಂಬಡಿಕೆ, ದಿನಚರಿ, ದೇಶದ ಸಂವಿಧಾನದ ಪ್ರತಿ, ಮತ್ತೆ ಮೂರು ಸಣ್ಣ ಕಲ್ಲು. ಕಲ್ಲು ಆರಿಸಿ ಇಟ್ಟುಕೊಳ್ಳುವುದು ಅವರ ಅಭ್ಯಾಸವಾಗಿತ್ತಂತೆ. ಯನಕಾ ಇದ್ದ ಜಾಗ ಈಗ ಜೊಂಡು ಬೆಳೆದ ದೊಡ್ಡ ಜೌಗು, ಹಕ್ಕಿ ನೋಡುವವರು ಬರುತ್ತಾರೆ.

ಅಶಿಯೊದಲ್ಲಿ ಪ್ರವಾಸಿಗರು ಟ್ರಾಲಿ ಹತ್ತಿ ಇಳಿದು ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ರೈಲಿನ ಕೊನೆಯ ನಿಲ್ದಾಣ ಮಾತೊವರೆಗೆ ಹೋಗಿ, ಅಲ್ಲಿಂದ ನಡೆದರೆ ಹಳೇ ಕುಲುಮೆಯ ದೊಡ್ಡ ಚಿಮಣಿ ಕಾಣುತ್ತದೆ. ಇನ್ನೂ ಮೇಲೆ ಮತ್ಸುಕಿ ಕಣಿವೆ. ಹೊಗೆಗೆ ಬದುಕಲಾರದೆ ಅಲ್ಲಿನ ಊರು 1902ರಲ್ಲೇ ಖಾಲಿಯಾಯಿತು. ದಶಕಗಳಿಂದ ಗಿಡ ನೆಡುತ್ತಲೇ ಇದ್ದಾರೆ. ಶಾಲೆ ಮಕ್ಕಳು ಬಸ್ಸಿನಲ್ಲಿ ಬಂದು ನೆಟ್ಟು ಹೋಗುತ್ತಾರೆ. ಕೆಳಭಾಗ ಹಸಿರಾಗಿದೆ, ಮೇಲೆ ಇನ್ನೂ ಬೋಳು ಬಂಡೆ. ಇದು ಹಳೇ ಕಥೆ ಅಂದುಕೊಳ್ಳಬೇಡಿ ಮತ್ತೆ. 2011ರ ಮಾರ್ಚಿನ ಭೂಕಂಪಕ್ಕೆ ಇಲ್ಲಿನ ಗಣಿ ತ್ಯಾಜ್ಯದ ಒಂದು ರಾಶಿ ಜಾರಿ ನದಿಗೆ ಬಿತ್ತು. ಕೆಳಗಿನ ನೀರಿನಲ್ಲಿ ಸೀಸ ಮಿತಿ ಮೀರಿತು. ಗಣಿ ಮುಚ್ಚಿ ಆಗ 38 ವರ್ಷ ಆಗಿತ್ತು!

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿನ್ನದ ಊರಿನವರು ಸಾದೊ ದ್ವೀಪ ಬಿಡಬಾರದು. 1601ರಿಂದ 1989ರವರೆಗೆ 78 ಟನ್ ಚಿನ್ನ ಕೊಟ್ಟ ಗಣಿ. ನಿಮ್ಮ ಕೋಲಾರದ 800 ಟನ್‌ಗೆ ಹೋಲಿಸಿದರೆ ಚಿಕ್ಕದು, ಸ್ವಲ್ಪ ಬೀಗಬಹುದು. ಆದರೆ ಚಿನ್ನದ ಪದರದ ಬೆನ್ನು ಹತ್ತಿ ಕೈಯಲ್ಲೇ ಅಗೆದು ಅಗೆದು ಬೆಟ್ಟದ ತುದಿಯನ್ನು ಎರಡು ಹೋಳು ಮಾಡಿದ್ದಾರೆ, ಕೊಡಲಿಯಲ್ಲಿ ಸೀಳಿದ ಹಾಗೆ. ದೋಯೂ ನೊ ವರಿತೊ ಎಂದು ಅದರ ಹೆಸರು. ಎದೊ (ಈಗಿನ ಟೋಕಿಯೊ) ನಗರದ ಬೀದಿಗಳಲ್ಲಿ ನೆಲೆಯಿಲ್ಲದೆ ಅಲೆಯುತ್ತಿದ್ದವರನ್ನು 1778ರಿಂದ ಹಿಡಿದು ಇಲ್ಲಿಗೆ ಕಳಿಸಿ ಸುರಂಗದ ನೀರು ಎತ್ತಿಸಿದರು. ಇಲ್ಲೂ ಯುದ್ಧಕಾಲದಲ್ಲಿ ಕೊರಿಯಾದವರನ್ನು ದುಡಿಸಿದ್ದಾರೆ. ಇದು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2024ರ ಜುಲೈನಲ್ಲಿ, ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲಿ. ವಿಚಿತ್ರ ಅಂದರೆ ಫೋಟೋದಲ್ಲಿ ಎಲ್ಲರೂ ತೋರಿಸುವ ಕಿತಜಾವಾ ಘಟಕ, ಬಳ್ಳಿ ಹಬ್ಬಿದ ಮೆಟ್ಟಿಲು ಮೆಟ್ಟಿಲಾದ ಕಾಂಕ್ರೀಟ್ ಗೋಡೆಗಳು, ಯುದ್ಧಕಾಲದ್ದು. ಪಟ್ಟಿಗೆ ಸೇರಿದ್ದು ಅದಕ್ಕೂ ಹಿಂದಿನ ಕೈಕೆಲಸದ ಕಾಲದ ಗಣಿ.

ಶಿಕೊಕು ದ್ವೀಪದ ಬೆಶ್ಶಿ 1691ರಿಂದ 283 ವರ್ಷ ಒಂದೇ ಮನೆತನದ ಕಂಪನಿ, ಸುಮಿತೊಮೊ, ನಡೆಸಿದ ತಾಮ್ರದ ಗಣಿ. ಬೆಟ್ಟದ ಮೇಲಿನ ತೊನಾರು ಎಂಬ ಭಾಗದ ಕಲ್ಲಿನ ಗೋಡೆಗಳನ್ನು ಪೂರ್ವದ ಮಾಚು ಪಿಚು (ಪೆರು ದೇಶದಲ್ಲಿ ಬೆಟ್ಟದ ಮೇಲಿರುವ ಪಾಳು ನಗರ) ಎಂದು ಪ್ರಚಾರ ಮಾಡುತ್ತಾರೆ. ಅದು ಸ್ವಲ್ಪ ಅತಿಯಾಯಿತು. ಆದರೂ ಚೆನ್ನಾಗಿದೆ. ಹ್ಯೋಗೊ ಪ್ರಾಂತ್ಯದಲ್ಲಿ ಅಕೆನೊಬೆ ಗಣಿಯಿಂದ ಮಿಕೊಬಾತದ ಅದಿರು ಘಟಕಕ್ಕೆ ಒಂದು ಪುಟ್ಟ ರೈಲಿತ್ತು, ದಶಕಗಳ ಕಾಲ ಅದರ ಟಿಕೆಟ್ ಒಂದೇ ಯೆನ್. ಬೆಟ್ಟದ ಇಳಿಜಾರಿಗೆ ಕಟ್ಟಿದ್ದ ಆ ಘಟಕವನ್ನು 2004ರಲ್ಲಿ ಕೆಡವಿದರು, ಕಾಂಕ್ರೀಟ್ ಬುನಾದಿ ಮಾತ್ರ ದೊಡ್ಡ ಮೆಟ್ಟಿಲಿನಂತೆ ನಿಂತಿದೆ. ಕ್ಯೂಶೂ ದ್ವೀಪದಲ್ಲಿ ಮಿಇಕೆ ಎಂಬ ಕಲ್ಲಿದ್ದಲ ಗಣಿ ಇದೆ. 1963ರ ನವೆಂಬರ್ 9ರಂದು ಅಲ್ಲಿ ಕಲ್ಲಿದ್ದಲ ಧೂಳು ಸಿಡಿದು 458 ಜನ ಸತ್ತರು, 839 ಜನ ವಿಷಾನಿಲ ಕುಡಿದು ಬದುಕಿದರು. ಬದುಕಿದವರಲ್ಲಿ ಎಷ್ಟೋ ಜನರ ಮಿದುಳು ಮೊದಲಿನಂತೆ ಆಗಲೇ ಇಲ್ಲ. 1997ರಲ್ಲಿ ಮುಚ್ಚಿತು. ಮಂದಾ ಪಿಟ್ ಎಂಬ ಭಾಗವನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ, ಲಿಫ್ಟ್ ಎಳೆಯುವ ದೊಡ್ಡ ಚಕ್ರವನ್ನು ಹತ್ತಿರದಿಂದಲೇ ನೋಡಬಹುದು.

ಇನ್ನೊಂದು ಕಮಿಯೊಕಾ. ಇದನ್ನು ನಿಮಗೋಸ್ಕರವೇ ಕೊನೆಗಿಟ್ಟೆ. ಗಿಫು ಪ್ರಾಂತ್ಯದ ಸತು, ಸೀಸದ ಗಣಿ. ಇಲ್ಲಿಂದ ಜಿಂಜೂ ನದಿಗೆ ಸೇರಿದ ಕ್ಯಾಡ್ಮಿಯಂ ಎಂಬ ವಿಷಲೋಹ ಕೆಳಗಿನ ಹಳ್ಳಿಗಳ ಅಕ್ಕಿಗೆ ಇಳಿದು, ಹೆಂಗಸರ ಮೂಳೆಗಳು ಕೆಮ್ಮಿದರೂ ಮುರಿಯುವಷ್ಟು ಟೊಳ್ಳಾದವು. ಅವರ ಕೂಗೇ ರೋಗದ ಹೆಸರಾಯಿತು: ಇತಾಯ್ ಇತಾಯ್, ಅಂದರೆ ನೋವು, ನೋವು. ಅದೇ ಬೆಟ್ಟದೊಳಗೆ, ಸಾವಿರ ಮೀಟರ್ ಕಲ್ಲಿನ ಕೆಳಗೆ, 50,000 ಟನ್ ನೀರು ತುಂಬಿಸಿ ನ್ಯೂಟ್ರಿನೊ (ಏನನ್ನಾದರೂ ತೂರಿಕೊಂಡು ಹೋಗುವ ಅತಿ ಸೂಕ್ಷ್ಮ ಕಣ) ಹಿಡಿಯುವ ಸೂಪರ್ ಕಮಿಯೊಕಾಂದೆ ಪ್ರಯೋಗಾಲಯ 1996ರಿಂದ ನಡೆಯುತ್ತಿದೆ. ಕಮಿಯೊಕಾದ ಪ್ರಯೋಗಗಳಿಗೆ 2002ರಲ್ಲಿ ಒಂದು, 2015ರಲ್ಲಿ ಇನ್ನೊಂದು ನೊಬೆಲ್ ಬಂತು. ಈಗ ಕೇಳಿ. ಆಕಾಶದ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಕೋಲಾರದ ಗಣಿಯೂ ಒಂದು, 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಟಾಟಾ ಸಂಶೋಧನಾ ಸಂಸ್ಥೆಯವರ ಜೊತೆ ಆಗ ಕೆಳಗಿಳಿದವರಲ್ಲಿ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಜಪಾನಿಗಳೂ ಇದ್ದರು. ಕಮಿಯೊಕಾದಲ್ಲಿ ಅದಿರು ತೆಗೆಯುವುದು ನಿಂತದ್ದು 2001ರಲ್ಲಿ, ನಿಮ್ಮೂರ ಗಣಿ ನಿಂತ ವರ್ಷವೇ. ಅವರ ಪ್ರಯೋಗಾಲಯ ಉಳಿಯಿತು. ನಮ್ಮದು ಅದಕ್ಕೂ ಮೊದಲೇ ಹೋಗಿತ್ತು, ಈಗ ಅಲ್ಲಿ ನೀರು ತುಂಬಿದೆ. ಕಮಿಯೊಕಾದ ಒಳಗೆ ಸಾಮಾನ್ಯರನ್ನು ಸುಮ್ಮನೆ ಬಿಡುವುದಿಲ್ಲ. ಊರಿನಲ್ಲಿ ಒಂದು ಪುಟ್ಟ ವಿಜ್ಞಾನ ಕೇಂದ್ರ ಇದೆ, ಅಲ್ಲಿ ನೋಡಬಹುದು.

ಒಳಗೆ ಬಿಡುತ್ತಾರಾ ಅಂತ ಕೇಳಿದ್ದಿರಿ. ಟಿಕೆಟ್ ಕೊಟ್ಟು ಬಿಡುವ ಕಡೆ ಹೋಗಿ. ಬೇಲಿ ಹಾರಿ ಒಳಗೆ ಹೋಗುವ ಗುಂಪುಗಳು ಅಲ್ಲೂ ಇವೆ, ಪಾಳು ಕಟ್ಟಡ ಹುಡುಕುವ ಹವ್ಯಾಸಕ್ಕೇ ಹೈಕ್ಯೊ ಎಂದು ಹೆಸರಿದೆ. ಯಾರಾದರೂ ಕರೆದರೆ ಹೋಗಬೇಡಿ. ವೀಸಾ ಮೇಲೆ ಇರುವವರು ಪೊಲೀಸ್ ಠಾಣೆ ಹತ್ತುವುದು ಒಂದು ತಲೆನೋವು. ಆದರೆ ನನ್ನ ಭಯ ಅದಲ್ಲ. ಹಳೇ ಸುರಂಗದಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಎಂದು ಗೊತ್ತಾಗುವ ಹೊತ್ತಿಗೆ ಕಾಲು ಮಡಚಿರುತ್ತದೆ, ಎತ್ತಲು ಬಂದವನೂ ಪಕ್ಕದಲ್ಲೇ ಬೀಳುತ್ತಾನೆ. ಕಾಲಡಿಯ ಹಲಗೆ ಕೊಳೆತು, ಅದರ ಕೆಳಗೆ ನೂರು ಮೀಟರ್ ಬಾವಿ ಇರಬಹುದು. ಹೊಕ್ಕೈಡೊ, ಇವಾತೆ ಕಡೆ ಕರಡಿ ಬೇರೆ. ಜಪಾನಿನ ಗಣಿ ಕೂಲಿಗಳು ಕೆಳಗಿಳಿಯುವಾಗ ಒಬ್ಬರಿಗೊಬ್ಬರು ನಮಸ್ಕಾರದ ಬದಲು "ಗೊ ಆನ್ಜೆನ್ ನಿ" ಅನ್ನುತ್ತಿದ್ದರು. ಕ್ಷೇಮವಾಗಿ ಬಾ ಅಂತ. ದಿನಾ ಇಳಿಯುವವರೇ ಅಷ್ಟು ಹೆದರುತ್ತಿದ್ದರು.

ಮತ್ಸುಒಗೆ ಹೋಗುವುದಾದರೆ ಮೊರಿಯೊಕಾವರೆಗೆ ಬುಲೆಟ್ ಟ್ರೈನ್, ಅಲ್ಲಿಂದ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟ್‌ಗಳ ಒಳಗೆ ಪ್ರವೇಶ ಇಲ್ಲ, ರಸ್ತೆಯಿಂದಲೇ ಧಾರಾಳವಾಗಿ ಕಾಣುತ್ತವೆ. ಬೆಟ್ಟ ದಾಟುವ ಅಸ್ಪಿಟೆ ಲೈನ್ ರಸ್ತೆಯನ್ನು ನವೆಂಬರ್ ಮೊದಲ ವಾರದ ಹೊತ್ತಿಗೆ ಹಿಮಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಏಪ್ರಿಲ್ ಮಧ್ಯದಲ್ಲೇ. ಅಕ್ಟೋಬರ್ ಎರಡನೇ ಅಥವಾ ಮೂರನೇ ವಾರ ಒಳ್ಳೆಯದು. ಸ್ವೆಟರ್ ಮರೆಯಬೇಡಿ. ಮಂಜು ಕವಿದಿದ್ದರೆ ಹತ್ತು ನಿಮಿಷ ಕಾಯಿರಿ, ಸರಿಯುತ್ತದೆ.